ಕ್ಯಾಂಪಸ್ಸಿನಲ್ಲಿ ಉಚಿತ ರಾಕ್ ಸಂಜೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ಫೆಸ್ಟ್‌ಗಳ ಕಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬಂದ ಪತ್ರಗಳೆಲ್ಲ ಒಂದೇ ಮೈದಾನದ ಕಡೆ ಮುಖ ಮಾಡಿದ್ದವು. ಕೇಳಲು ಹೋಗುವವರು, ಮಕ್ಕಳನ್ನು ಕಳಿಸುವವರು, ವೇದಿಕೆ ಕಟ್ಟುವವರು, ಅದರ ಮೇಲೆ ನಿಲ್ಲುವವರು ಎಲ್ಲರೂ ಬರೆದಿದ್ದಾರೆ. ವೇದಿಕೆ, ಸೌಂಡ್, ಕಿವಿಯ ಆರೈಕೆ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪೋಸ್ಟರ್‌ನಲ್ಲಿ ‘ಪ್ರವೇಶ ಉಚಿತ’ ಎಂದಿದೆ. ನಾನು ಬೇರೆ ಕಾಲೇಜಿನವಳು. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಗೇಟಿನಿಂದ ವಾಪಸ್ ಬರುವಂತಾದರೆ?
(ಬಿ.ಕಾಂ ವಿದ್ಯಾರ್ಥಿನಿ, ತುಮಕೂರು)

ಉಚಿತ ಎನ್ನುವುದು ಬೇರೆ, ಎಲ್ಲರಿಗೂ ಮುಕ್ತ ಎನ್ನುವುದು ಬೇರೆ. ದುಡ್ಡು ಕೇಳುವುದಿಲ್ಲ ಎಂಬುದಷ್ಟೇ ಮೊದಲಿನದರ ಅರ್ಥ. ಯಾರನ್ನು ಬಿಡುತ್ತಾರೆ ಎಂಬುದು ಮೂರು ರೀತಿ ಇರುತ್ತದೆ. ಕೆಲವು ಕಡೆ ಆ ಕಾಲೇಜಿನವರಿಗೆ ಮಾತ್ರ. ಕೆಲವು ಕಡೆ ಯಾವುದೇ ಕಾಲೇಜಿನ ಐಡಿ ಕಾರ್ಡ್ ಇದ್ದವರಿಗೆ. ಇನ್ನು ಕೆಲವು ಕಡೆ ಮೊದಲೇ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದ ಯಾರಿಗಾದರೂ. ಪೋಸ್ಟರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಇರುತ್ತದೆ. ಇಲ್ಲದಿದ್ದರೆ ಫೆಸ್ಟ್‌ನ ಇನ್‌ಸ್ಟಾಗ್ರಾಂ ಪುಟಕ್ಕೆ ಬರೆದು ಕೇಳಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹಗಲಿನ ಸ್ಪರ್ಧೆಗಳಿಗೆ ಉಚಿತ ಪ್ರವೇಶವಿದ್ದು, ಸಂಜೆಯ ದೊಡ್ಡ ಕಾರ್ಯಕ್ರಮಕ್ಕೆ ಬೇರೆ ಪಾಸ್ ಕೇಳುವುದೂ ಉಂಟು. ಇದನ್ನು ‘ಪ್ರೊ ಶೋ’ ಎನ್ನುತ್ತಾರೆ. ಹೆಚ್ಚಿನವರು ಗೇಟಿನಲ್ಲಿ ಸಿಕ್ಕಿಬೀಳುವುದು ಇಲ್ಲೇ. ಐಡಿ ಕಾರ್ಡ್‌ನ ಮೂಲ ಪ್ರತಿ ಒಯ್ಯಿರಿ, ಫೋನ್‌ನಲ್ಲಿನ ಫೋಟೋ ನೋಡಿ ಬಿಡುವ ಸೆಕ್ಯುರಿಟಿಯವರು ಕಡಿಮೆ. ಜೊತೆಗೆ ಸರ್ಕಾರಿ ಗುರುತಿನ ಚೀಟಿ ಒಂದಿರಲಿ. ಕ್ಯೂಆರ್ ಕೋಡ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಾವಿರಾರು ಫೋನ್ ಒಂದೇ ಟವರ್‌ಗೆ ಜೋತುಬಿದ್ದಾಗ ಗೇಟಿನ ಮುಂದೆ ನೆಟ್‌ವರ್ಕ್ ಸಿಗುವುದಿಲ್ಲ. ದೊಡ್ಡ ಬ್ಯಾಗ್, ಸ್ಟೀಲ್ ಬಾಟಲಿ, ಸೆಲ್ಫಿ ಸ್ಟಿಕ್, ಉದ್ದದ ಛತ್ರಿ ಬೇಡ. ಮಳೆ ಮೋಡವಿದ್ದರೆ ಮಡಚಿಡುವ ರೇನ್‌ಕೋಟ್ ಸಾಕು. ಛತ್ರಿ ಬಿಡಿಸಿದರೆ ಹಿಂದಿನ ಹತ್ತು ಜನಕ್ಕೆ ವೇದಿಕೆ ಕಾಣುವುದಿಲ್ಲ.

ಮುಖ್ಯವಾಗಿ, ಬೇಗ ಹೋಗಿ. ಟಿಕೆಟ್ ಇರುವ ಕಾರ್ಯಕ್ರಮದಲ್ಲಿ ನಿಮ್ಮ ಜಾಗ ನಿಮಗೆ ಮೀಸಲು. ಉಚಿತ ಕಾರ್ಯಕ್ರಮದಲ್ಲಿ ಮೈದಾನ ತುಂಬಿದ ಮೇಲೆ ಗೇಟು ಮುಚ್ಚುತ್ತಾರೆ, ಮುಚ್ಚಲೇಬೇಕು. ಆಗ ಕೈಯಲ್ಲಿರುವ ಕ್ಯೂಆರ್ ಕೋಡ್ ಕೂಡ ಕೆಲಸಕ್ಕೆ ಬಾರದು.

‘ಇಂಡೀ’ ಎಂದರೆ ಒಂದು ರಾಗದ ಬಗೆಯೇ? ಕನ್ನಡದಲ್ಲಿ ಇದೆಯೇ?
(ನಿವೃತ್ತ ಶಿಕ್ಷಕರು, ಶಿವಮೊಗ್ಗ)

ರಾಗದ ಬಗೆಯಲ್ಲ ಸರ್, ಹಾಡು ಹೊರಬರುವ ದಾರಿ. ಸಿನಿಮಾಕ್ಕೋ ದೊಡ್ಡ ರೆಕಾರ್ಡ್ ಕಂಪನಿಗೋ ಕಟ್ಟುಬೀಳದೆ ತಾವೇ ಬರೆದು, ತಾವೇ ಧ್ವನಿಮುದ್ರಿಸಿ ಹೊರತರುವವರನ್ನು ಇಂಡಿಪೆಂಡೆಂಟ್, ಚಿಕ್ಕದಾಗಿ ಇಂಡೀ ಎಂದರು. ಆಮೇಲೆ ಅದು ಒಂದು ಶೈಲಿಯ ಹೆಸರೂ ಆಯಿತು.

ಕರ್ನಾಟಕಕ್ಕೆ ಇದು ಹೊಸತಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡ ಬೆಂಗಳೂರಿನಲ್ಲಿ ಶುರುವಾದದ್ದು 1996ರಲ್ಲಿ. ಮೈಸೂರಿನ ರಘು ದೀಕ್ಷಿತ್ ಅವರ ತಂಡ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿತು. ಸ್ವರಾತ್ಮ ತಂಡವೂ ಕನ್ನಡದಲ್ಲಿ ಹಾಡುತ್ತದೆ. ಪರ್ವಾಜ್ ಬೆಂಗಳೂರಿನದೇ ತಂಡವಾದರೂ ಉರ್ದು, ಕಾಶ್ಮೀರಿ ಪದಗಳನ್ನು ರಾಕ್‌ಗೆ ಕೂರಿಸಿದೆ. ಇಂಥ ತಂಡಗಳಿಗೆ ದೊಡ್ಡ ಕೇಳುಗರ ಬಳಗ ಮೊದಲು ಸಿಗುವುದು ಕಾಲೇಜು ಮೈದಾನಗಳಲ್ಲೇ. ತತ್ವಪದದ ಸಾಲು ಗೊತ್ತಿರುವ ನಿಮ್ಮಂಥವರು ಒಮ್ಮೆ ಹೋಗಿ ಕೇಳಬೇಕು. ಆ ಮೈದಾನದಲ್ಲಿ ಅದರ ಅರ್ಥ ನಿಮ್ಮಷ್ಟು ಬಲ್ಲವರು ಹೆಚ್ಚು ಮಂದಿ ಇರುವುದಿಲ್ಲ.

ಕಷ್ಟಪಟ್ಟು ಮೊದಲ ಸಾಲಿನಲ್ಲಿ ನಿಂತೆವು. ಹಾಡುಗಾರನ ಒಂದು ಪದವೂ ತಿಳಿಯಲಿಲ್ಲ. ಹಿಂದೆ ಹೋದರೆ ಪ್ರತಿ ಮಾತೂ ಎರಡೆರಡು ಸಲ ಕೇಳಿತು. ಸೌಂಡ್‌ನವರ ತಪ್ಪೇ?
(ಇಬ್ಬರು ಗೆಳೆಯರು, ಬೆಳಗಾವಿ)

ಬಹುಪಾಲು ನೀವು ನಿಂತ ಜಾಗದ್ದು. ಮೈದಾನದಲ್ಲಿ ಸದ್ದು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಎಲ್ಲಿ ಹೇಗಿರುತ್ತದೆ ಎಂದು ಗೊತ್ತಾದರೆ ಒಳ್ಳೆಯ ಜಾಗವನ್ನು ನೀವೇ ಹುಡುಕಿಕೊಳ್ಳಬಹುದು.

ಮೊದಲ ಸಾಲಿನ ಕಥೆ ಹೀಗೆ. ಜನರಿಗೆ ಕೇಳಿಸುವ ಮುಖ್ಯ ಸ್ಪೀಕರ್‌ಗಳು ವೇದಿಕೆಯ ಎರಡು ಬದಿ ಎತ್ತರದಲ್ಲಿ, ದೂರದವರ ಕಡೆ ಮುಖ ಮಾಡಿರುತ್ತವೆ. ನಟ್ಟನಡುವೆ ಮುಂದೆ ನಿಂತವರ ತಲೆಯ ಮೇಲಿಂದ, ಪಕ್ಕದಿಂದ ಆ ಸದ್ದು ಹಾದುಹೋಗುತ್ತದೆ. ನಿಮಗೆ ಕೇಳುವುದು ವೇದಿಕೆಯ ಮೇಲಿನ ಗಿಟಾರ್ ಆಂಪ್ಲಿಫೈಯರ್ ಮತ್ತು ಬರಿಯ ಡ್ರಮ್ಸ್. ಹಾಡುವವರ ದನಿಗೆ ವೇದಿಕೆಯಲ್ಲಿರುವುದು ಅವರ ಕಾಲ ಬುಡದ ಚಿಕ್ಕ ಸ್ಪೀಕರ್ (ಮಾನಿಟರ್) ಮಾತ್ರ, ಅದು ಅವರ ಕಡೆ ತಿರುಗಿರುತ್ತದೆ. ಹಾಗಾಗಿ ಪದಗಳು ಮುಳುಗುತ್ತವೆ. ವೇದಿಕೆಯ ಅಂಚಿನಲ್ಲಿ ಜನರ ಕಡೆ ಮುಖ ಮಾಡಿದ ಚಿಕ್ಕ ಸ್ಪೀಕರ್‌ಗಳು (ಫ್ರಂಟ್ ಫಿಲ್) ಇದ್ದರೆ ಈ ತೊಂದರೆ ಕಡಿಮೆ, ಆದರೆ ಕಾಲೇಜು ಬಜೆಟ್‌ನಲ್ಲಿ ಅವನ್ನು ಹೆಚ್ಚಾಗಿ ಕೈಬಿಡುತ್ತಾರೆ.

ಹಿಂದೆ ಎರಡೆರಡು ಸಲ ಕೇಳಿದ್ದಕ್ಕೆ ಕಟ್ಟಡ ಕಾರಣ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ನಿಮ್ಮ ಬೆನ್ನ ಹಿಂದೆ 30 ಮೀಟರ್ ದೂರದಲ್ಲಿ ಹಾಸ್ಟೆಲ್ಲಿನ ಗೋಡೆ ಇದ್ದರೆ, ಅದಕ್ಕೆ ಬಡಿದು ವಾಪಸ್ ಬರಲು ಸದ್ದು 60 ಮೀಟರ್ ಹೆಚ್ಚು ನಡೆಯಬೇಕು. ಅಂದರೆ ಸುಮಾರು 0.17 ಸೆಕೆಂಡ್ ತಡ. ಅಷ್ಟು ಅಂತರ ಸಿಕ್ಕರೆ ಕಿವಿ ಅದನ್ನು ಬೇರೆ ಸದ್ದು ಎಂದೇ ಎಣಿಸುತ್ತದೆ. ಸುತ್ತ ಕಟ್ಟಡವಿರುವ ಕ್ವಾಡ್ರ್ಯಾಂಗಲ್‌ಗಳಲ್ಲಿ ಇದು ತಪ್ಪಿದ್ದಲ್ಲ. ಕ್ರಿಕೆಟ್ ಮೈದಾನ, ಮರಗಳಿರುವ ಹುಲ್ಲುಹಾಸು ವಾಸಿ.

ಇನ್ನು ಬೇಸ್. ಎದೆ ಗುದ್ದುವ ಆ ತಗ್ಗಿನ ಸದ್ದು ಸಬ್ ವೂಫರ್‌ಗಳಿಂದ ಬರುತ್ತದೆ. ಅವನ್ನು ವೇದಿಕೆಯ ಎಡ ಬಲ ಇಟ್ಟರೆ ಮೈದಾನದ ನಟ್ಟನಡುವಿನ ಉದ್ದ ಗೆರೆಯಲ್ಲಿ ಎರಡೂ ಕೂಡಿಕೊಂಡು ಬೇಸ್ ವಿಪರೀತವಾಗುತ್ತದೆ. ಅಲ್ಲಿಂದ ಕೆಲವು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದನ್ನೊಂದು ಅಳಿಸಿಕೊಂಡು ಕೆಲವು ಸ್ವರಗಳು ಮಾಯ. 50 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಒಂದು ಬಾಕ್ಸ್ ನಿಮಗೆ ಇನ್ನೊಂದಕ್ಕಿಂತ ಮೂರೂವರೆ ಮೀಟರ್ ಹತ್ತಿರವಿದ್ದರೆ ಆ ಸ್ವರ ಸತ್ತಂತೆ. ಬೇಸ್ ಗಿಟಾರ್ ಕೇಳುತ್ತಿಲ್ಲ ಎಂದು ಕೂಗುವ ಮೊದಲು ಐದು ಹೆಜ್ಜೆ ಸರಿದು ನೋಡಿ.

ಹಾಗಾದರೆ ಎಲ್ಲಿ ನಿಲ್ಲಬೇಕು? ಎಲ್ಲ ಮೈಕ್, ವಾದ್ಯಗಳ ಸದ್ದನ್ನು ಹದಮಾಡುವ ಮಿಕ್ಸರ್ ಯಂತ್ರ ಇಟ್ಟಿರುವ ಶಾಮಿಯಾನವನ್ನು ಹುಡುಕಿ. ಕಾಲೇಜು ಮೈದಾನದಲ್ಲಿ ಅದು ವೇದಿಕೆಯಿಂದ 15ರಿಂದ 30 ಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಕೂತವರು ತಮ್ಮ ಕಿವಿಗೆ ಒಪ್ಪುವಂತೆ ಎಲ್ಲವನ್ನೂ ಹೊಂದಿಸುತ್ತಾರೆ, ಆದ್ದರಿಂದ ಆ ಸಂಜೆಯ ಅತ್ಯುತ್ತಮ ಸದ್ದು ಅಲ್ಲೇ. ಶಾಮಿಯಾನದ ಮುಂದೆ, ನಡು ಗೆರೆಯಿಂದ ಎರಡು ಮೂರು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಹಿಂದೆ ನಿಂತರೆ ಶಾಮಿಯಾನವೇ ಅಡ್ಡ. ಕುಳಿತುಕೊಂಡರೆ ಮುಂದಿನವರ ಮೈಯೇ ಸಿಂಬಲ್ ಮತ್ತು ಪದಗಳ ಚೂಪನ್ನು ನುಂಗುತ್ತದೆ. ಬ್ಯಾಂಡ್‌ನ ಮುಖ ನೋಡುವ ಆಸೆಗೆ ಎರಡು ಹಾಡು ಮುಂದೆ ಇರಿ, ಉಳಿದ ಹೊತ್ತು ಇಲ್ಲಿಗೆ ಬನ್ನಿ. ಒಂದೇ ಹಾಡನ್ನು ಎರಡೂ ಕಡೆ ಕೇಳಿದವರು ಮತ್ತೆ ಮೊದಲ ಸಾಲಿಗೆ ಜಗಳ ಆಡುವುದಿಲ್ಲ.

ಕಾರ್ಯಕ್ರಮ ಮುಗಿಸಿ ಬಂದ ಮೇಲೆ ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಈಗ ಸರಿಯಾಗಿದೆ. ಮುಂದಿನ ಸಲ ಹತ್ತಿ ಇಟ್ಟುಕೊಂಡರೆ ಸಾಕೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಹತ್ತಿ ಸಾಲದು. ಅದು ತಡೆಯುವುದು ಬೆರಳೆಣಿಕೆಯ ಡೆಸಿಬೆಲ್, ಅದೂ ಚೂಪಾದ ಸದ್ದನ್ನು ಮಾತ್ರ. ರಕ್ಷಣೆ ಸಿಕ್ಕಿತು ಎಂಬ ಧೈರ್ಯದಲ್ಲಿ ನೀವು ಇನ್ನೂ ಮುಂದೆ ಹೋಗುತ್ತೀರಿ, ಅದು ಕೆಟ್ಟದ್ದು.

ಗುಂಯ್ ಎನ್ನುವುದು ಒಳಗಿವಿಯ ರೋಮಕೋಶಗಳು ದಣಿದದ್ದರ ಗುರುತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ನಿಂತಿತು ಎಂದರೆ ಹಾನಿಯೇ ಆಗಲಿಲ್ಲ ಎಂದಲ್ಲ. ಆ ಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ, ಮತ್ತು ನಷ್ಟ ಸ್ವಲ್ಪಸ್ವಲ್ಪವೇ ಕೂಡುತ್ತ ಹೋಗುತ್ತದೆ.

ಲೆಕ್ಕ ಹೀಗಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಕೊಟ್ಟ ಮಿತಿಯಲ್ಲಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ರಾಕ್ ಕಾರ್ಯಕ್ರಮದ ಮುಂಭಾಗದಲ್ಲಿ 100 ದಾಟುವುದು ಸಾಮಾನ್ಯ. ಮೂರು ತಂಡ ಮುಗಿಯುವುದರೊಳಗೆ ಹಲವು ದಿನಗಳ ಪಾಲು ಒಂದೇ ಸಂಜೆ ಕಿವಿಗೆ ಬಿದ್ದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ತಾಣಗಳಿಗೆಂದೇ ಹೊರಡಿಸಿದ ಮಾನದಂಡವೂ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಸಾಮಾನ್ಯ ಸ್ಪೀಕರ್ ಆದರೆ ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರ್‌ನಿಂದ 20 ಮೀಟರ್‌ಗೆ ಸರಿದರೆ 12 ಇಳಿದಂತೆ. ಮಿಕ್ಸರ್ ಪಕ್ಕ ನಿಲ್ಲಿ ಎಂದು ಹೇಳಿದ್ದಕ್ಕೆ ಇದು ಎರಡನೇ ಕಾರಣ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಕೊಳ್ಳಿ. ಅದನ್ನು ಸುಮ್ಮನೆ ತೂತಿನ ಬಾಯಿಗೆ ಒತ್ತಿದರೆ ಹತ್ತಿಗಿಂತ ಮೇಲೇನೂ ಅಲ್ಲ. ಒಣ ಕೈಯಲ್ಲಿ ಬತ್ತಿ ಹೊಸೆದಂತೆ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ, ಅದು ಉಬ್ಬಿ ಕೂರಲಿ. ನಿಮ್ಮದೇ ಮಾತು ಕೊಡದೊಳಗಿನಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ. ಸ್ಪಂಜು ಚೂಪು ಸದ್ದನ್ನು ಹೆಚ್ಚು ತಡೆಯುವುದರಿಂದ ಹಾಡು ಮಂಕಾಗುತ್ತದೆ. ಅದು ಬೇಸರ ಎನ್ನುವವರಿಗೆ ಸಂಗೀತಗಾರರ ಫಿಲ್ಟರ್ ಇಯರ್‌ಪ್ಲಗ್ ಇದೆ. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ 15ರಿಂದ 20 ಡೆಸಿಬೆಲ್ ಇಳಿಸುತ್ತದೆ, ತೊಳೆದು ವರ್ಷಗಟ್ಟಲೆ ಬಳಸಬಹುದು. ವರ್ಷಕ್ಕೆ ಮೂರು ನಾಲ್ಕು ಕಾರ್ಯಕ್ರಮಕ್ಕೆ ಹೋಗುವವರಾದರೆ ಅದನ್ನೇ ಕೊಳ್ಳಿ.

ಮಧ್ಯೆ ಹೊರಗೆ ಬಂದು ಹದಿನೈದು ನಿಮಿಷ ಕಿವಿಗೆ ವಿಶ್ರಾಂತಿ ಕೊಡಿ. ಮತ್ತು ಇದೊಂದು ಮಾತು ನೆನಪಿರಲಿ: ಒಂದು ಕಿವಿ ಇದ್ದಕ್ಕಿದ್ದಂತೆ ಪೂರ್ತಿ ಮಂದವಾದರೆ, ತಲೆ ಸುತ್ತಿದರೆ, ಅಥವಾ ಗುಂಯ್ ಎರಡು ದಿನ ದಾಟಿದರೆ ಇಎನ್‌ಟಿ ವೈದ್ಯರ ಬಳಿ ಹೋಗಿ. ಕಿವಿ ಮಂದವಾದದ್ದಾದರೆ ಅದೇ ದಿನ ಹೋಗಬೇಕು. ಚಿಕಿತ್ಸೆ ಫಲ ಕೊಡುವುದು ಮೊದಲ ದಿನಗಳಲ್ಲೇ.

ಮಗಳು ಮೊದಲ ವರ್ಷದ ಪದವಿಯಲ್ಲಿದ್ದಾಳೆ. ಗೆಳತಿಯರ ಜೊತೆ ರಾಕ್ ಕಾರ್ಯಕ್ರಮಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಬೇಡ ಎನ್ನಲು ಮನಸ್ಸಿಲ್ಲ, ಆದರೆ ನೂಕುನುಗ್ಗಲಿನ ಭಯ.
(ತಾಯಿಯೊಬ್ಬರು, ದಾವಣಗೆರೆ)

ನಿಮ್ಮ ಭಯ ಸುಳ್ಳಲ್ಲ ಅಮ್ಮ. 2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಸಂಜೆ ಶುರುವಾಗುವ ಹೊತ್ತಿಗೆ ನಾಲ್ವರು ಜೀವ ಕಳೆದುಕೊಂಡರು. ಮಳೆ ಬಂತು, ಹೊರಗಿದ್ದವರು ಆಸರೆಗಾಗಿ ಗೇಟಿನತ್ತ ನುಗ್ಗಿದರು, ಗೇಟು ದಾಟಿದರೆ ಕೆಳಕ್ಕಿಳಿಯುವ ಮೆಟ್ಟಿಲು. ಮುಂದಿದ್ದವರು ಬಿದ್ದರು, ಹಿಂದಿದ್ದವರಿಗೆ ಅದು ಕಾಣಲಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಸತ್ತದ್ದೂ ಗೇಟುಗಳ ಹತ್ತಿರವೇ. ಎರಡರಲ್ಲೂ ಅಪಾಯವಿದ್ದದ್ದು ಪ್ರವೇಶದ ಬಾಗಿಲಿನಲ್ಲಿ, ಒಳಗಿನ ಕುಣಿತದಲ್ಲಲ್ಲ.

ಆದ್ದರಿಂದ ಮಗಳಿಗೆ ಹೇಳಬೇಕಾದ ಮೊದಲ ಮಾತು, ಗೇಟು ತೆರೆಯುವ ಹೊತ್ತಿಗೇ ಹೋಗಿರು ಅಥವಾ ಗುಂಪು ಕರಗಿದ ಮೇಲೆ ಹೋಗು, ನಡುವಿನ ನೂಕಾಟದಲ್ಲಿ ಬೇಡ. ಗೇಟು ಮುಚ್ಚಿದೆ ಎಂದರೆ ಮನೆಗೆ ಬಾ. ಒಳಗೆ ಹೋದ ತಕ್ಷಣ ಬಂದ ದಾರಿಯಲ್ಲದೆ ಇನ್ನೊಂದು ದಾರಿ ಎಲ್ಲಿದೆ ಎಂದು ನೋಡಿಕೊಳ್ಳಲಿ.

ಒಳಗಿನ ಅಳತೆ ಕಲಿಯುವುದು ಸುಲಭ. ಎರಡೂ ಕೈ ಎತ್ತಿ ಮುಖ ಒರೆಸಿಕೊಳ್ಳಲು ಜಾಗವಿದ್ದರೆ ತೊಂದರೆಯಿಲ್ಲ. ಎರಡೂ ಭುಜಕ್ಕೆ ಅಪರಿಚಿತರ ಮೈ ತಾಗುತ್ತಿದ್ದರೆ ಹೊರಡುವ ಹೊತ್ತು. ಒಂದು ಚದರ ಮೀಟರ್‌ಗೆ ಐದು ಜನ ದಾಟಿದರೆ ಅಪಾಯ ಶುರು, ಆರೇಳು ಆದರೆ ಗುಂಪು ನೀರಿನ ಹಾಗೆ ತೂಗಾಡುತ್ತದೆ, ಕಾಲು ನಮ್ಮ ಮಾತು ಕೇಳುವುದಿಲ್ಲ. ಆ ಸ್ಥಿತಿಗೆ ಸಿಕ್ಕರೆ ಬಾಕ್ಸರ್‌ನಂತೆ ಮುಂಗೈಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಬೇಕು. ಕೂಗಿ ಉಸಿರು ಕಳೆಯಬಾರದು. ನೂಕಿಗೆ ಎದುರು ನಿಲ್ಲದೆ, ಅದರ ಒಂದು ಅಲೆ ಇಳಿದಾಗ ಓರೆಯಾಗಿ ಅಂಚಿನ ಕಡೆ ಸರಿಯಬೇಕು. ಕೆಳಗೆ ಬಿದ್ದ ಫೋನ್‌ಗೆ ಬಗ್ಗಲೇಬಾರದು. ಗೋಡೆ, ಬ್ಯಾರಿಕೇಡ್‌ಗೆ ಒರಗಿ ನಿಲ್ಲುವುದೂ ಬೇಡ, ಒತ್ತಡ ಕೊನೆಗೆ ಬಂದು ಕೂರುವುದು ಅಲ್ಲೇ.

ಹುಡುಗರು ವೃತ್ತ ಬಿಡಿಸಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ‘ಮೋಶ್ ಪಿಟ್’ ನೋಡಿದರೆ ಹೆದರಿಕೆಯಾಗುತ್ತದೆ. ಅದು ಜಗಳವಲ್ಲ, ಬಿದ್ದವರನ್ನು ಎತ್ತುವುದು ಅಲ್ಲಿನ ಮೊದಲ ನಿಯಮ. ಬೇಡದವರು ಹತ್ತು ಹೆಜ್ಜೆ ದೂರವಿದ್ದರಾಯಿತು.

ಹಿಂಬದಿ ಪಟ್ಟಿ ಇರುವ ಚಪ್ಪಲಿಯೂ ಬೇಡ, ಶೂ ಹಾಕಲಿ. ವೇಲ್, ಉದ್ದ ದುಪಟ್ಟಾ ಮನೆಯಲ್ಲಿರಲಿ. ಉಬ್ಬಸವಿದ್ದರೆ ಇನ್ಹೇಲರ್ ಜೇಬಿನಲ್ಲೇ, ವೇದಿಕೆಯ ಹೊಗೆ ಯಂತ್ರ ಕೆಲವರಿಗೆ ಕೆಮ್ಮು ತರುತ್ತದೆ. ಗೆಳತಿಯರು ತಪ್ಪಿಹೋದರೆ ಸೇರುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ‘ಕ್ಯಾಂಟೀನ್ ಹತ್ತಿರ’ ಎಂದರೆ ಸಾಲದು, ‘ಕ್ಯಾಂಟೀನ್ ಪಕ್ಕದ ನೀರಿನ ಟ್ಯಾಂಕ್ ಕೆಳಗೆ, ಒಂಬತ್ತೂವರೆಗೆ’ ಎನ್ನಬೇಕು. ಫೋನ್ ಹತ್ತದ ಮೈದಾನದಲ್ಲಿ ಇದೇ ಅವರ ಫೋನ್. ವಾಪಸ್ ಬರುವ ಬಸ್ಸಿನ ಹೊತ್ತು ಗೊತ್ತಿರಲಿ. ಕೊನೆಯ ಹಾಡು ಮುಗಿಯುವ ಹತ್ತು ನಿಮಿಷ ಮೊದಲು ಹೊರಟರೆ ಗೇಟೂ ಖಾಲಿ, ಆಟೋವೂ ಸಿಗುತ್ತದೆ.

ಇಷ್ಟು ಹೇಳಿ ಕಳಿಸಿ ಅಮ್ಮ. ಸಾವಿರ ಜನ ಒಂದೇ ಪಲ್ಲವಿ ಹಾಡುವಾಗ ನಡುವೆ ನಿಂತಿರುವುದು ಆ ವಯಸ್ಸಿಗೆ ಸಿಗಬೇಕಾದ ಸಂತೋಷ.

ಎರಡು ಸಾವಿರ ಜನರಿಗೆ ಉಚಿತ ಕಾರ್ಯಕ್ರಮ ಮಾಡುವ ಹೊಣೆ ನಮ್ಮ ವಿದ್ಯಾರ್ಥಿ ಸಂಘಕ್ಕೆ ಬಂದಿದೆ. ಏನೆಲ್ಲ ತಪ್ಪಬಹುದು?
(ಸಾಂಸ್ಕೃತಿಕ ಕಾರ್ಯದರ್ಶಿ, ಹುಬ್ಬಳ್ಳಿ)

ಮೊದಲು ಗಡಿಯಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ, ಅದು ನಿಮಗೆ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬ ಮಾತೂ ಅದೇ ನಿಯಮಗಳಲ್ಲಿದೆ. ನಿಮ್ಮ ಜಾಗ ಅದರಲ್ಲಿ ಬರುತ್ತದೆಯೇ ಎಂದು ಅರ್ಜಿ ಕೊಡುವಾಗಲೇ ಠಾಣೆಯಲ್ಲಿ ಕೇಳಿ ಬರೆಸಿಕೊಳ್ಳಿ. ಮೈದಾನದ ಎಲ್ಲೆಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವೇದಿಕೆಯ ಬೆನ್ನನ್ನು ವಸತಿ ಮನೆಗಳ ಕಡೆ ಮಾಡಿ ಸ್ಪೀಕರ್‌ಗಳನ್ನು ಒಳಮುಖವಾಗಿ ತಿರುಗಿಸಿದರೆ ಅರ್ಧ ದೂರು ಅಲ್ಲೇ ಇಲ್ಲವಾಗುತ್ತವೆ.

ಆದ್ದರಿಂದ 9.45ಕ್ಕೆ ಮುಗಿಸುವಂತೆ ಹಿಂದಿನಿಂದ ಎಣಿಸಿ. ಕೊನೆಯ ತಂಡಕ್ಕೆ 75 ನಿಮಿಷ, ಮೊದಲೆರಡಕ್ಕೆ 30ರಂತೆ, ನಡುವೆ ಬದಲಾವಣೆಗೆ 20 ನಿಮಿಷದಂತೆ ಹಾಕಿದರೆ 6.50ಕ್ಕೆ ಮೊದಲ ಸ್ವರ ಬೀಳಬೇಕು. ಗೇಟು 5.30ಕ್ಕೆ. ಸೌಂಡ್ ಚೆಕ್ 5ಕ್ಕೆ ಮುಗಿಯಬೇಕು ಎಂದರೆ ಮಧ್ಯಾಹ್ನ 1ಕ್ಕೆ ಸ್ಪೀಕರ್‌ಗಳೆಲ್ಲ ನಿಂತಿರಬೇಕು, ಲಾರಿ ಬೆಳಿಗ್ಗೆ 8ಕ್ಕೆ ಮೈದಾನದಲ್ಲಿರಬೇಕು. ಸೌಂಡ್ ಚೆಕ್ ಹಿಮ್ಮುಖ ಕ್ರಮದಲ್ಲಿ ಮಾಡಿಸಿ, ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಮೊದಲ ತಂಡದ ಸಾಮಾನು ವೇದಿಕೆಯಲ್ಲೇ ಇರುತ್ತದೆ. ಎಲ್ಲ ತಡವೂ ಕೊನೆಗೆ ಬಂದು ಬೀಳುವುದು ಅತಿಥಿಗಳ ಭಾಷಣ ಉದ್ದವಾದಾಗ. ಭಾಷಣವನ್ನು 6.30ಕ್ಕೆ ಇಟ್ಟು, ಆ ಹೊತ್ತನ್ನು ಆಹ್ವಾನ ಪತ್ರದಲ್ಲೇ ಅಚ್ಚು ಮಾಡಿಸಿ.

ಇನ್ನು ಗೇಟು. ಐಡಿ ನೋಡಿ ಬ್ಯಾಗ್ ಮುಟ್ಟಿ ಬಿಡುವ ಒಂದು ಸಾಲಿನಲ್ಲಿ ನಿಮಿಷಕ್ಕೆ ಎಂಟು ಹತ್ತು ಜನ ಒಳಗೆ ಹೋಗಬಹುದು. ನಾಲ್ಕು ಸಾಲಿದ್ದರೂ ಎರಡು ಸಾವಿರ ಜನಕ್ಕೆ ಒಂದು ಗಂಟೆ ಹಿಡಿಯುತ್ತದೆ. ಒಂದೇ ಸಾಲಿಟ್ಟು ಆರಕ್ಕೆ ತೆರೆದರೆ ಹಾಡು ಶುರುವಾದಾಗ ಸಾವಿರದ ಐನೂರು ಜನ ಹೊರಗೇ ಇರುತ್ತಾರೆ, ನೂಕು ಶುರುವಾಗುವುದು ಆಗಲೇ. ಹೊರಹೋಗುವ ದಾರಿ ಬೇರೆ ಇರಲಿ, ಕನಿಷ್ಠ ಎರಡು, ಅಗಲವಾದವು, ಬೀಗ ಹಾಕದವು. ಗೇಟಿನ ಬಾಯಲ್ಲೇ ಮೆಟ್ಟಿಲು ಅಥವಾ ಇಳಿಜಾರು ಇರುವ ಜಾಗವನ್ನು ಆರಿಸಲೇಬೇಡಿ. ಜನ ನಿಲ್ಲುವ ಜಾಗವನ್ನು ಟೇಪ್ ಹಿಡಿದು ಅಳೆಯಿರಿ, ಚದರ ಮೀಟರ್‌ಗೆ ಇಬ್ಬರಂತೆ ಲೆಕ್ಕ ಹಾಕಿ. ವೇದಿಕೆ, ಮಿಕ್ಸರ್, ಆಂಬುಲೆನ್ಸ್ ದಾರಿ ಕಳೆದು 1000 ಚದರ ಮೀಟರ್ ಉಳಿದರೆ ನಿಮ್ಮ ಎರಡು ಸಾವಿರಕ್ಕೆ ಅದು ಸರಿ. ಒಳಗೆ ಹೋದವರನ್ನು ಕೈ ಎಣಿಕೆ ಯಂತ್ರದಿಂದ ಎಣಿಸಿ. ಎಣಿಸದೆ ಉಚಿತ ಪ್ರವೇಶ ಎಂದು ಬರೆಯಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಹಕ್ಕುಸ್ವಾಮ್ಯದ ವಿಷಯದಲ್ಲಿ ‘ದುಡ್ಡು ತೆಗೆದುಕೊಳ್ಳುತ್ತಿಲ್ಲವಲ್ಲ’ ಎಂಬ ಉತ್ತರ ಸಾಲದು. ವಿದ್ಯಾರ್ಥಿಗಳೂ ಸಿಬ್ಬಂದಿಯೂ ತಾವೇ ನುಡಿಸಿ, ಕೇಳುವವರೂ ಅವರು ಮತ್ತು ಪೋಷಕರಷ್ಟೇ ಆಗಿದ್ದರೆ 1957ರ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಹೊರಗಿನ ತಂಡ ಕರೆಸಿ ಹೊರಗಿನವರನ್ನೂ ಬಿಡುವಾಗ ಅದನ್ನು ನೆಚ್ಚಬೇಡಿ. ತಂಡ ಬೇರೆಯವರ ಹಾಡು ಹಾಡುವುದಿದ್ದರೆ ಹಾಡು ಬರೆದವರ, ಸಂಯೋಜಿಸಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಬೇಕಾಗುತ್ತದೆ. ಹಾಡುಗಳ ಪಟ್ಟಿಯನ್ನು ಒಂದು ತಿಂಗಳು ಮೊದಲೇ ತರಿಸಿಕೊಳ್ಳಿ.

ನಮ್ಮದು ನಾಲ್ಕು ಜನರ ತಂಡ. ಮೊದಲ ಸಲ ಇಪ್ಪತ್ತು ನಿಮಿಷ ಸಿಕ್ಕಿದೆ. ಸೌಂಡ್‌ನವರಿಗೆ ಏನು ಕಳಿಸಬೇಕು?
(ಗಿಟಾರ್ ವಾದಕ, ಮಂಗಳೂರು)

ಎರಡು ಹಾಳೆ ಸಾಕು. ಒಂದರಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಕರೆಂಟ್ ಪಾಯಿಂಟ್ ಎಲ್ಲೆಲ್ಲಿ ಬೇಕು ಎಂಬ ಚಿತ್ರ. ಇನ್ನೊಂದರಲ್ಲಿ ಚಾನೆಲ್ ಪಟ್ಟಿ, ಅಂದರೆ ಮಿಕ್ಸರ್‌ಗೆ ಹೋಗುವ ಒಂದೊಂದು ಮೈಕ್, ವಾದ್ಯದ ಪಟ್ಟಿ. ಎರಡು ಗಿಟಾರ್, ಬೇಸ್, ಡ್ರಮ್ಸ್ ಇರುವ ತಂಡಕ್ಕೆ ಹನ್ನೆರಡು ಚಾನೆಲ್ ಆಗುತ್ತವೆ: ಡ್ರಮ್ಸ್‌ನ ಭಾಗಗಳಾದ ಕಿಕ್, ಸ್ನೇರ್, ಹೈ ಹ್ಯಾಟ್, ಟಾಮ್, ಫ್ಲೋರ್ ಟಾಮ್, ಡ್ರಮ್ಸ್‌ನ ಮೇಲಿನ ಎರಡು ಮೈಕ್, ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ನೇರ ಮಿಕ್ಸರ್‌ಗೆ ಕಳಿಸುವ ಪುಟ್ಟ ಪೆಟ್ಟಿಗೆ) ಮೂಲಕ ಬೇಸ್, ಎರಡು ಗಿಟಾರ್ ಆಂಪ್‌ಗೆ ಒಂದೊಂದು ಮೈಕ್, ಮುಖ್ಯ ದನಿ, ಜೊತೆ ದನಿ. ಯಾರ ಮಾನಿಟರ್‌ನಲ್ಲಿ ಏನು ಕೇಳಬೇಕು ಎಂದೂ ಬರೆಯಿರಿ.

ಇಪ್ಪತ್ತು ನಿಮಿಷದಲ್ಲಿ ಹಾಡಿಗೆ ಸಿಗುವುದು ಹದಿನೈದು. ಉಳಿದದ್ದು ಹತ್ತಿ ಇಳಿಯಲು. ನಾಲ್ಕು ಹಾಡು ಸಿದ್ಧಮಾಡಿ, ಹೊತ್ತು ಮೀರಿದರೆ ಯಾವುದನ್ನು ಬಿಡುವುದು ಎಂದು ಮೊದಲೇ ಒಪ್ಪಿಕೊಳ್ಳಿ. ಡ್ರಮ್ಮರ್ ತಮ್ಮದೇ ಸ್ನೇರ್, ಸಿಂಬಲ್, ಕಿಕ್ ಪೆಡಲ್ ತರಬೇಕು. ಎರಡು ಮೀಟರ್ ಚೌಕದ ಜಮಖಾನೆಯನ್ನೂ ತನ್ನಿ, ಅದಿಲ್ಲದೆ ಹಲಗೆಯ ವೇದಿಕೆಯಲ್ಲಿ ಎರಡನೇ ಹಾಡಿನೊಳಗೆ ಕಿಕ್ ಡ್ರಮ್ ಮುಂದಕ್ಕೆ ಜಾರುತ್ತದೆ. ಬಿಡಿ ತಂತಿ, 9 ವೋಲ್ಟ್ ಬ್ಯಾಟರಿ, ಎರಡು ಹೆಚ್ಚುವರಿ ಕೇಬಲ್, ಟ್ಯೂನರ್ ಪೆಡಲ್, ಬಟ್ಟೆಯ ಟೇಪ್ ಮರೆಯಬೇಡಿ.

ಸೌಂಡ್ ಚೆಕ್‌ನಲ್ಲಿ ಹೇಳಿದವರಷ್ಟೇ ನುಡಿಸಿ. ಒಬ್ಬರ ಸದ್ದು ಸರಿಮಾಡುವಾಗ ಉಳಿದ ಮೂವರು ಬಾರಿಸುತ್ತಿದ್ದರೆ ಹೊತ್ತು ವ್ಯರ್ಥ. ಗಿಟಾರ್ ಆಂಪ್ ಅನ್ನು ಕಾಲಿನ ಕಡೆಯಲ್ಲ, ನಿಮ್ಮ ಕಿವಿಯ ಕಡೆ ಓರೆ ಮಾಡಿ. ಕಾಲಿಗೆ ಕೇಳುವ ಆಂಪನ್ನು ಏರಿಸುತ್ತ ಹೋಗುವುದರಿಂದಲೇ ಮುಂದಿನ ಸಾಲಿಗೆ ಪದ ಕೇಳದಂತಾಗುವುದು. ಹಾಡುವವರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬಾರದು. ಮುಚ್ಚಿದರೆ ಮುಂದಿನ ಸದ್ದನ್ನು ಮಾತ್ರ ಹಿಡಿಯಬೇಕಾದ ಮೈಕ್ ಎಲ್ಲ ಕಡೆಯದನ್ನೂ ಹಿಡಿದು ಮಾನಿಟರ್ ಜೊತೆ ಕೂಯ್ ಎನ್ನುತ್ತದೆ.

ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ. ಅರ್ಥ್ ಪಿನ್ ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?
(ವಿದ್ಯಾರ್ಥಿ, ಉಡುಪಿ)

ಎಂದಿಗೂ ತೆಗೆಯಬೇಡಿ. ಶಾಕ್ ಬರುವುದು ನಿಮ್ಮ ಆಂಪ್ ಒಂದು ಕಡೆಯ ಅರ್ಥಿಂಗ್‌ಗೆ, ಮಿಕ್ಸರ್ ಇನ್ನೊಂದು ಕಡೆಯದಕ್ಕೆ ಸೇರಿದಾಗ, ಅಥವಾ ಒಂದರಲ್ಲಿ ಅರ್ಥಿಂಗೇ ಇಲ್ಲದಾಗ. ಗಿಟಾರ್ ತಂತಿ ಹಿಡಿದ ಕೈಯಿಂದ ತುಟಿಗೆ ಕರೆಂಟ್ ಹರಿಯುತ್ತದೆ. ನುಡಿಸುವುದನ್ನು ನಿಲ್ಲಿಸಿ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್‌ನ ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ಎಸಿ ವೋಲ್ಟ್ ನೋಡಲಿ. ಸೊನ್ನೆಯ ಹತ್ತಿರ ಇರಬೇಕು. ವೇದಿಕೆ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಹಂಚಿಕೆ ಪೆಟ್ಟಿಗೆಯಿಂದ ಕರೆಂಟ್ ಬರಲಿ, ಅದರಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಸ್ವಿಚ್ (ಆರ್‌ಸಿಸಿಬಿ) ಇರಲಿ. ಬರೀ ಗುಂಯ್ ಎನ್ನುವ ಸದ್ದಾದರೆ ಡಿಐ ಬಾಕ್ಸ್‌ನ ‘ಗ್ರೌಂಡ್ ಲಿಫ್ಟ್’ ಒತ್ತಿ, ಅದು ಸಿಗ್ನಲ್ ತಂತಿಯ ಅರ್ಥಿಂಗನ್ನು ಮಾತ್ರ ಬಿಡಿಸುತ್ತದೆ. ಕರಾವಳಿಯಲ್ಲಿ ಮಳೆ ನೆನೆದ ವೇದಿಕೆಯಲ್ಲಿ ಈ ಪರೀಕ್ಷೆ ಆಗದೆ ಒಂದು ಸ್ವರವೂ ಬೇಡ.

ಫೋನ್‌ನಲ್ಲಿ ತೆಗೆದ ವಿಡಿಯೋದಲ್ಲಿ ಬರೀ ಗರಗರ.
(ಕೋಲಾರ)

ಫೋನಿನ ಮೈಕ್ ಅಷ್ಟು ಸದ್ದನ್ನು ತಾಳದೆ ಒಡೆಯುತ್ತದೆ. ಮಿಕ್ಸರ್ ಹತ್ತಿರದಿಂದ ತೆಗೆಯಿರಿ, ಮೈಕಿನ ತೂತಿಗೆ ಬೆರಳು ಅಡ್ಡ ಬಾರದಿರಲಿ. ಪರದೆಯಲ್ಲಿ ಹಾಡುವವರ ಮುಖ ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ. ಫ್ಲ್ಯಾಶ್ ಬೇಡ, ಅದು ಮೂರು ನಾಲ್ಕು ಮೀಟರ್ ಆಚೆ ಮುಟ್ಟುವುದಿಲ್ಲ. ಒಂದು ಹಾಡು ತೆಗೆದು ಫೋನ್ ಜೇಬಿಗೆ ಹಾಕಿ.

ಉಚಿತವಾಗಿ ಕೇಳಿ ಬಂದೆವು. ಆ ತಂಡಕ್ಕೆ ನಮ್ಮಿಂದ ಏನಾದರೂ ಆಗಬೇಕು ಅನ್ನಿಸುತ್ತದೆ.
(ಗೆಳತಿಯರ ಬಳಗ, ಬೆಂಗಳೂರು)

ದೊಡ್ಡ ತಂಡಕ್ಕೆ ಪ್ರಾಯೋಜಕರ ಅಥವಾ ಕಾಲೇಜಿನ ದುಡ್ಡು ಸಂದಿರುತ್ತದೆ. ಮೊದಲು ನುಡಿಸುವ ಚಿಕ್ಕ ತಂಡಕ್ಕೆ ಹಲವು ಸಲ ಪ್ರಯಾಣದ ಖರ್ಚೂ ಪೂರ್ತಿ ಸಿಗುವುದಿಲ್ಲ. ಅವರು ವೇದಿಕೆ ಹತ್ತುವ ಹೊತ್ತಿಗೆ ಮೈದಾನದಲ್ಲಿರಿ, ಮುಂದೆ ಬನ್ನಿ. ಖಾಲಿ ಮೈದಾನಕ್ಕೆ ನುಡಿಸುವುದು ಎಷ್ಟು ಕಷ್ಟ ಎಂದು ನುಡಿಸಿದವರಿಗೇ ಗೊತ್ತು. ಮೇಜಿನ ಮೇಲೆ ಟೀ ಶರ್ಟ್, ಸಿಡಿ ಮಾರುತ್ತಿದ್ದರೆ ಒಂದು ಕೊಳ್ಳಿ, ಆ ದುಡ್ಡು ಹೆಚ್ಚಾಗಿ ನೇರ ಅವರ ಕೈಗೇ ಹೋಗುತ್ತದೆ. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಅವರ ಹಾಡಿದ್ದರೆ ಅಲ್ಲಿ ಕೊಳ್ಳುವುದು, ಸ್ಟ್ರೀಮಿಂಗ್‌ನಲ್ಲಿ ಹತ್ತಾರು ಸಲ ಕೇಳುವುದಕ್ಕಿಂತ ಅವರಿಗೆ ಹೆಚ್ಚು. ವಿಡಿಯೋ ಹಾಕುವಾಗ ತಂಡದ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಬರೆದು ಅವರ ಖಾತೆಯನ್ನು ಸೇರಿಸಿ. ಮತ್ತು ಫೆಸ್ಟ್‌ನವರು ಮರುದಿನ ಅಭಿಪ್ರಾಯ ಕೇಳುವ ಅರ್ಜಿ ಕಳಿಸುತ್ತಾರಲ್ಲ, ಅದರಲ್ಲಿ ಆ ಮೊದಲ ತಂಡದ ಹೆಸರು ಬರೆಯಿರಿ. ಮುಂದಿನ ವರ್ಷ ಯಾರನ್ನು ಕರೆಯಬೇಕು ಎಂದು ಸಂಘದವರು ಕೂತಾಗ ತೆರೆದು ನೋಡುವುದು ಆ ಹಾಳೆಯನ್ನೇ.